25,000 ಗಂಟೆಯ ಚಿರಂಜೀವಿ

ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ: ಆಯಸ್ಸು 25,000 ಗಂಟೆ. ದಿನಕ್ಕೆ 6 ಗಂಟೆ ಉರಿಸಿದರೆ ಲೆಕ್ಕ 11 ವರ್ಷ ದಾಟುತ್ತದೆ. ಅಂದರೆ ಮಗು ಎಲ್‌ಕೆಜಿಗೆ ಸೇರಿದ ದಿನ ಹಾಕಿದ ಬಲ್ಬು, ಅದೇ ಮಗು ಎಸ್‌ಎಸ್‌ಎಲ್‌ಸಿಗೆ ಓದುವಾಗಲೂ ಉರಿಯುತ್ತಿರಬೇಕು. ಅದೇ ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ವಾರಂಟಿ 1 ವರ್ಷ. ಧಾರಾಳಿಗಳಾದರೆ 2. ಚಿರಂಜೀವಿಯಾಗು ಅಂತ ತಲೆ ಮೇಲೆ ಕೈಯಿಟ್ಟು ಹರಸಿ, ಒಂದು ವರ್ಷಕ್ಕಾಗುವಷ್ಟು ಅಕ್ಕಿ ಅಳೆದುಕೊಟ್ಟ ಹಾಗೆ.

ಆ ವರ್ಷದೊಳಗೆ ಕೆಟ್ಟರೂ ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಬಿಲ್ ಬೇಕು. ಬಿಲ್ ಇರುತ್ತದೆ, ಅದರ ಮೇಲೆ ಅಕ್ಷರ ಇರುವುದಿಲ್ಲ. ಆ ಥರ್ಮಲ್ ಕಾಗದ ಬಲ್ಬಿಗಿಂತ ಮೊದಲೇ ಕಣ್ಣು ಮುಚ್ಚಿರುತ್ತದೆ.

ಸರಿ, ಮನೆಯಲ್ಲೇ ರಿಪೇರಿ ಮಾಡೋಣ ಅಂತ ಕೂತರೆ ಅಸಲಿ ತಮಾಷೆ ಶುರು. ಬಿಚ್ಚಲು ಸ್ಕ್ರೂ ಇಲ್ಲ. ಬಿಳಿ ಟೋಪಿಯನ್ನು ಸಿಲಿಕೋನ್ ಅಂಟು ಹಾಕಿ ಕೂರಿಸಿರುತ್ತಾರೆ. ಚಾಕುವಿನ ತುದಿ ತೂರಿಸಿ ಸುತ್ತ ಮೀಟುತ್ತಾ ಬಂದರೆ ಟಪ್ ಅಂತ ಬಿಡುತ್ತದೆ. ಒಳಗೆ ಅಲ್ಯುಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಚುಕ್ಕೆಗಳು, ಬೆಳಕು ಕೊಡುವ ಎಲ್‌ಇಡಿಗಳು ಅವೇ. ಅಗ್ಗದ ಬಲ್ಬುಗಳಲ್ಲಿ ಅವೆಲ್ಲ ಸಾಮಾನ್ಯವಾಗಿ ಒಂದೇ ಸೀರೀಸಿನಲ್ಲಿರುತ್ತವೆ, ಅಂದರೆ ಕರೆಂಟು ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗಬೇಕು. ಹುಡುಕಿ ನೋಡಿದರೆ ಒಂದರ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಕಲೆ. ಸತ್ತವನು ಅವನೊಬ್ಬನೇ. ಉಳಿದವರೆಲ್ಲ ಗಟ್ಟಿಮುಟ್ಟಾಗಿದ್ದಾರೆ, ಆದರೆ ಸೂತಕ ಎಲ್ಲರಿಗೂ!

ಆ ಚುಕ್ಕೆಯನ್ನು ಕೆರೆದು ತೆಗೆದು, ಎರಡು ಕಡೆಯನ್ನೂ ಒಂದು ಹನಿ ಸೋಲ್ಡರ್‌ನಿಂದ (ಕರಗಿಸಿದ ಬೆಸುಗೆ ಲೋಹ) ಕೂಡಿಸಿದರೆ ಎಷ್ಟೋ ಬಲ್ಬು ಎದ್ದು ಕೂರುತ್ತವೆ. ಎರಡು ಮೂರು ಚುಕ್ಕೆ ಹೋಗಿದ್ದರೆ ಮಾತ್ರ ಈ ಆಟ ಬೇಡ. (ಬಲ್ಬನ್ನು ಹೋಲ್ಡರಿನಿಂದ ತೆಗೆದ ಮೇಲೇ ಕೈ ಹಾಕಿ. ತೆಗೆದ ಮೇಲೂ ಕೆಪಾಸಿಟರ್ ಹೊಟ್ಟೆಯಲ್ಲಿ ಚಾರ್ಜ್ ಉಳಿದಿರಬಹುದು, ಚುರುಕ್ ಅನ್ನಿಸುತ್ತದೆ. ಟೋಪಿ ತೆಗೆದಿಟ್ಟು ಹಚ್ಚಿ ನೋಡುವ ಶೌರ್ಯವಂತೂ ಬೇಡವೇ ಬೇಡ, ಮೇನ್ಸ್ ಕರೆಂಟು ಬೆರಳಿಗೇ ಸಿಗುತ್ತದೆ.)

1924ರಲ್ಲಿ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅಂತ ಒಂದು ಕೂಟ ಕಟ್ಟಿದ್ದವು. ಆಗಿನ ತಂತಿ ಬಲ್ಬಿನ ಆಯಸ್ಸು 1,000 ಗಂಟೆ ಅಂತ ನಿಗದಿಯಾಯಿತು. ಅದಕ್ಕಿಂತ ಜಾಸ್ತಿ ಬದುಕುವ ಬಲ್ಬು ಮಾಡಿದ ಕಂಪನಿಗೆ ದಂಡ. ಪಾಪ, ಎಷ್ಟು ನಿಯತ್ತಿನ ಜನ! ಸಾವಿರ ಅಂದರು, ಸಾವಿರಕ್ಕೇ ಮುಗಿಸಿದರು. ಈಗ ಅಷ್ಟೆಲ್ಲ ಸಭೆ, ದಂಡ, ಗುಟ್ಟು ಬೇಕಿಲ್ಲ. ಒಂದು ಟ್ಯೂಬ್ ಅಂಟು ಸಾಕು.

ಸರ್ಕಾರ ಸುಮ್ಮನೆ ಕೂತಿದೆ ಅನ್ನುವ ಹಾಗಿಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ, ಅಂದರೆ ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಗ್ರಾಹಕರ ಹಕ್ಕಿಗೆ ಅಂತಲೇ, ವೆಬ್ ಪೋರ್ಟಲ್ ತೆರೆಯಿತು. ಕೃಷಿ ಯಂತ್ರಕ್ಕೆ ಜಾಗ ಇದೆ, ಮೊಬೈಲಿಗೆ ಇದೆ, ಫ್ರಿಜ್ಜಿಗೆ ಇದೆ, ಕಾರಿಗೂ ಇದೆ. ಬಡಪಾಯಿ ಬಲ್ಬು ಯಾವ ಸಾಲಿನಲ್ಲಿ ನಿಲ್ಲಬೇಕೋ ಅದಕ್ಕೇ ಗೊತ್ತಿಲ್ಲ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದ ತುಂಬ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿದರು. ನಮ್ಮಲ್ಲಿ ಅದಕ್ಕೆ 'ಹೊಸ ಬೆಳಕು' ಅಂತ ಹೆಸರು. ಕರೆಂಟು ಉಳಿಯಿತು, ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಈಗ ಗೃಹಜ್ಯೋತಿಯಲ್ಲಿ 200 ಯೂನಿಟ್ ಮೀರದ ಎಷ್ಟೋ ಮನೆಗಳಿಗೆ ಬಿಲ್ಲೂ ಸೊನ್ನೆ. ಹೀಗಾಗಿ ಅಂಥ ಮನೆಗಳಲ್ಲಿ ಬೆಳಕಿಗೆ ಉಳಿದಿರುವ ಖರ್ಚು ಒಂದೇ, ಬಲ್ಬು. ಬೆಳಕು ಪುಕ್ಕಟೆ, ಬುರುಡೆಗೆ ಮಾತ್ರ ದುಡ್ಡು!

ಇಷ್ಟರ ನಡುವೆ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು, ಸೋಲ್ಡರಿಂಗ್ ಐರನ್ ಬಿಸಿಗಿಟ್ಟು ಕೂತ ಒಬ್ಬ ಸಿಗುತ್ತಾನೆ. ಅಂಟಿನ ವಿರುದ್ಧ ಈ ದೇಶ ನಿಲ್ಲಿಸಿರುವ ಏಕಮಾತ್ರ ಸೈನಿಕ. ಕಪ್ಪು ಚುಕ್ಕೆಯನ್ನು ಹುಡುಕುವುದಕ್ಕೆ ಅವನಿಗೆ ಮೀಟರೂ ಬೇಡ, ಒಂದು ನೋಟ ಸಾಕು. ಮೀಟುತ್ತಾನೆ, ಕೆರೆಯುತ್ತಾನೆ, ಹನಿ ಇಡುತ್ತಾನೆ, ಟೋಪಿ ಒತ್ತುತ್ತಾನೆ. ಬಲ್ಬು ಝಗ್ ಅಂತ ಹತ್ತುತ್ತದೆ. ಡಬ್ಬಿ ಹೇಳಿದ್ದನ್ನು ತುಟಿ ಬಿಚ್ಚದೆ ನಂಬಿ ದುಡ್ಡು ಕೊಟ್ಟ ನಾವು ಇಲ್ಲಿ ಮಾತ್ರ ಲಾಯರ್ ಆಗುತ್ತೇವೆ. ಮೂರು ಸಲ ಆರಿಸಿ ಹಚ್ಚಿಸುತ್ತೇವೆ. ಬಲ್ಬನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಇಪ್ಪತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡಿ, ದುಡ್ಡು ಕೈಗಿಡುವ ಮುಂಚೆ ಗಂಭೀರವಾಗಿ ಕೇಳುತ್ತೇವೆ:

"ಇದಕ್ಕೆ ಗ್ಯಾರಂಟಿ ಎಷ್ಟು ವರ್ಷ?"