ವಾಷಿಂಗ್ ಮೆಷಿನ್ನಿನ ಸಿಟ್ಟು ಯಾರ ಮೇಲೆ?

ವಾಷಿಂಗ್ ಮೆಷಿನ್ ಅರ್ಧಕ್ಕೆ ಕೈಕೊಟ್ಟಾಗ ಮೊದಲ ಜಗಳ ನಡೆಯುವುದು ಕಂಪನಿಯವರೊಂದಿಗಲ್ಲ, ಮನೆಯವರೊಂದಿಗೆ. ‘ಅಷ್ಟೊಂದು ಬಟ್ಟೆ ತುರುಕಬೇಡ ಎಂದಿರಲಿಲ್ಲವೇ’ ಎಂದು ಒಬ್ಬರು, ‘ಆಫರ್ ಇದೆಯೆಂದು ಇದನ್ನೇ ಹೊತ್ತು ತಂದವರು ಯಾರು’ ಎಂದು ಇನ್ನೊಬ್ಬರು. ಬಾಗಿಲು ಲಾಕಾದ ಡ್ರಮ್ಮಿನೊಳಗೆ ಮಕ್ಕಳ ಯೂನಿಫಾರಂ ಮಾತ್ರ ಸೋಪಿನ ನೀರಿನಲ್ಲಿ ನೆನೆಯುತ್ತಲೇ ಇರುತ್ತದೆ.

ಆಮೇಲಿನ ಸರದಿ ಕಸ್ಟಮರ್ ಕೇರಿನದು. ಸಂಗೀತ ಕೇಳಿ ಕೇಳಿ ಸಾಕಾದ ಮೇಲೆ ಸಿಗುವ ಹುಡುಗನ ಮೇಲೆ ನಾವು ಎಗರಾಡುತ್ತೇವೆ. ಎದುರಿಗಿನ ಪರದೆಯಲ್ಲಿ ಇದ್ದುದನ್ನು ಓದುವುದರ ಹೊರತು ಅವನಿಗೆ ಬೇರೆ ಅಧಿಕಾರವಿಲ್ಲ. ತೀರ್ಮಾನ ಮಾಡಬಲ್ಲವರು ನಮ್ಮ ಫೋನಿಗೆ ಎಂದೂ ಸಿಗುವುದಿಲ್ಲ. ಬಂದ ಟೆಕ್ನಿಶಿಯನ್ ಹಿಂಬದಿಯ ಮುಚ್ಚಳ ತೆಗೆದು ‘ಪಿಸಿಬಿ ಹೋಗಿದೆ ಸಾರ್’ ಎನ್ನುತ್ತಾನೆ, ಅಂದರೆ ಮೆಷಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟಿದೆ. ಮುಂಭಾಗದಲ್ಲಿ ದೊಡ್ಡದಾಗಿ ಅಂಟಿಸಿರುವ ಹತ್ತು ವರ್ಷಗಳ ವಾರಂಟಿ ಮೋಟಾರಿಗೆ ಮಾತ್ರ ಸೇರಿದ್ದು ಎಂಬುದು ಆಗ ತಿಳಿಯುತ್ತದೆ. ಹೊರಡುವಾಗ ಅವನು ಕೇಳುವುದು ಒಂದೇ: ‘ಓಟಿಪಿ ಹೇಳಿ.’ ರಿಪೇರಿ ಮುಗಿಯುವ ಮೊದಲೇ ಅದನ್ನು ಹೇಳಿಬಿಟ್ಟರೆ ದಾಖಲೆಯಲ್ಲಿ ನಿಮ್ಮ ದೂರು ಬಗೆಹರಿದಂತೆಯೇ. ಪಾಪ, ಅವನಿಗೂ ದಿನದ ಟಾರ್ಗೆಟ್ ಇರುತ್ತದೆ, ಆದರೂ ಹೇಳಬೇಡಿ.

ಸಿಟ್ಟು ಬರುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ತಲುಪಬೇಕಾದ ವಿಳಾಸ ಬೇರೆ ಇದೆ ಎನ್ನುತ್ತಿದ್ದೇನೆ. ಕಂಪನಿಗೆ ಇ-ಮೇಲ್ ಬರೆಯಲು ಕುಳಿತರೆ ಕೊಂಡ ದಿನ, ಕೆಟ್ಟ ದಿನ, ದೂರಿನ ಸಂಖ್ಯೆ, ಯಾರು ಏನೆಂದರು ಎಂದು ಒಂದೊಂದಾಗಿ ನೆನಪಿಸಿಕೊಳ್ಳಬೇಕಾಗುತ್ತದೆ, ಹಾಗೆ ನೆನಪಿಸಿಕೊಳ್ಳುವ ಹೊತ್ತಿಗೆ ಮನೆಯೊಳಗಿನ ದನಿ ತಾನಾಗಿ ತಗ್ಗಿರುತ್ತದೆ. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲದಿದ್ದರೂ, ಅಲ್ಲಿಂದ ಹೋದ ದೂರಿಗೆ ಉತ್ತರ ಕೊಡುವ ಕಂಪನಿಗಳು ಸಾಕಷ್ಟಿವೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಊರಿನ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ, ಆದರೆ ದೂರಿಗೆ ಕಾರಣ ಹುಟ್ಟಿದ 2 ವರ್ಷಗಳೊಳಗೆ ಹೋಗಬೇಕು. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಯಿದೆಯ ಮೇಲೆ ವಾಯಿದೆ ಬೀಳುವುದು ಅಲ್ಲಿಯೂ ತಪ್ಪಿದ್ದಲ್ಲ.

ಹಾಗೆಂದು ಪ್ರತಿ ವಿಸಿಟಿಂಗ್ ಚಾರ್ಜಿಗೂ ಆಯೋಗದ ಮೆಟ್ಟಿಲು ಹತ್ತಬೇಕೆಂದು ನನಗೆ ಅನ್ನಿಸುವುದಿಲ್ಲ. ಕೆಲವನ್ನು ಬಿಟ್ಟುಬಿಡಬೇಕು. ಯಾವುದನ್ನು ಬಿಡುವುದೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸಿದರೆ, ‘ನಿಮ್ಮಿಂದ ಒಂದು ಕೆಲಸವೂ ಆಗುವುದಿಲ್ಲ’ ಎಂಬ ಮಾತು ಆಮೇಲೆ ಏಳುವುದಿಲ್ಲ.

ಬಿಡದೆ ಹಿಡಿಯುವವರಿಗೆ ಬೇಕಾದದ್ದು ಬಿಲ್ಲು. ಈಗಿನ ಅಂಗಡಿಗಳಲ್ಲಿ ಕೊಡುವ ಥರ್ಮಲ್ ಕಾಗದದ ಬಿಲ್ಲು ಎಷ್ಟೋ ಸಲ ವಾರಂಟಿ ಮುಗಿಯುವ ಮೊದಲೇ ಅಳಿಸಿಹೋಗಿರುತ್ತದೆ. ತಂದ ದಿನವೇ ಅದರ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಡಿ.