ಸ್ಕ್ರೀನ್‌ಶಾಟೇ ಸಾಕ್ಷಿಯಂತೆ!

ಪದವಿ ಓದುತ್ತಿರುವವರೂ ಗ್ರಾಫಿನ ಸ್ಕ್ರೀನ್‌ಶಾಟ್ ಕಂಡ ಕೂಡಲೇ ಗ್ರೂಪಿಗೆ ತಳ್ಳುತ್ತಾರಲ್ಲ, ಏನು ಹೇಳೋಣ? ಲಂಬ ಅಕ್ಷ ಸೊನ್ನೆಯ ಬದಲು 95ರಿಂದ ಶುರುವಾಗಿರುತ್ತದೆ. 96ರ ಕಂಬದ ಪಕ್ಕ 98ರ ಕಂಬ ಮೂರು ಪಟ್ಟು ಎತ್ತರ ಕಾಣುತ್ತದೆ. ಕ್ರಾಪ್ ಮಾಡಿದ್ದರಿಂದ ತಾರೀಖು, ಮೂಲ ಎರಡೂ ಮಾಯ. 2016ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರಿಶೀಲಿಸಲು ಕೊಟ್ಟ ಟ್ವೀಟಿನಲ್ಲಿದ್ದ ಲಿಂಕನ್ನೇ ಒತ್ತಿರಲಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಒತ್ತಲು ಲಿಂಕೂ ಇರುವುದಿಲ್ಲ ಬಿಡಿ!

ಪೋಸ್ಟನ್ನೇ ದಿಟ್ಟಿಸಿ ಪ್ರಯೋಜನವಿಲ್ಲ ಮಾರಾಯ್ರೇ. ಇನ್ನೊಂದು ಟ್ಯಾಬ್ ತೆರೆದು ಪ್ರಕಟಿಸಿದವರು ಯಾರೆಂದು ಹುಡುಕಿ, ಚಿತ್ರವನ್ನು ರಿವರ್ಸ್ ಇಮೇಜ್ ಸರ್ಚ್‌ಗೆ (ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕುವ ಸೌಲಭ್ಯ) ಹಾಕಿ, ಮೊದಲು ಯಾವಾಗ ಬಂದಿತ್ತು ನೋಡಿ. ಹೆಚ್ಚೆಂದರೆ ಐದು ನಿಮಿಷದ ಕೆಲಸ. ‘ಸೀನಿಯರ್ ಕಳಿಸಿದ್ದು’ ಅನ್ನುವುದೇ ಪುರಾವೆಯಾದರೆ ಪ್ರಾಜೆಕ್ಟ್ ವರದಿಗೆ ಉಲ್ಲೇಖಪಟ್ಟಿ ಬರೆಯಲು ಕಲಿತದ್ದು ಯಾವ ಪುರುಷಾರ್ಥಕ್ಕೆ?