ಲಿನಕ್ಸ್ ಜೊತೆಗೇ ಎನ್‌ಟಿಎಫ್‌ಎಸ್ ಬರಬೇಕೆ?: ಪರ-ವಿರೋಧ

ವಿಂಡೋಸ್ ತನ್ನ ಡಿಸ್ಕುಗಳಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಕ್ಕೆ, ಅಂದರೆ ಫೈಲ್ ಸಿಸ್ಟಮ್‌ಗೆ, ಎನ್‌ಟಿಎಫ್‌ಎಸ್ ಎಂದು ಹೆಸರು. ಅಂಥ ಡಿಸ್ಕುಗಳನ್ನು ಓದಿ ಬರೆಯುವ ತಂತ್ರಾಂಶವನ್ನು ಲಿನಕ್ಸ್ ವಿತರಣೆಯೊಂದು (ಬಳಸಲು ಸಿದ್ಧವಾದ ಲಿನಕ್ಸ್ ಕಟ್ಟು) ಮೊದಲ ಸ್ಥಾಪನೆಯಲ್ಲೇ ಕೊಡಬೇಕೆ? ಅಥವಾ ಬೇಕಾದವರು ಆಮೇಲೆ ಹಾಕಿಕೊಳ್ಳಲಿ ಎಂದು ಬಿಡಬೇಕೆ? ಉಬುಂಟು ಮೊದಲ ದಾರಿ ಹಿಡಿದಿದೆ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಎರಡನೆಯದನ್ನು.

ಪರ: ಕರೆದ ಮೇಲೆ ಅವರ ಡಿಸ್ಕನ್ನೂ ಓದಬೇಕು

ಲಿನಕ್ಸ್‌ಗೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ವಿಂಡೋಸ್‌ನಿಂದ ಬರುತ್ತಾರೆ. ಮದುವೆಯ ವಿಡಿಯೊ, ಅಂಗಡಿಯ ಹಳೆಯ ಲೆಕ್ಕ, ಮಗಳ ಕಾಲೇಜಿನ ಪ್ರಾಜೆಕ್ಟ್ ಎಲ್ಲವೂ ಎನ್‌ಟಿಎಫ್‌ಎಸ್ ವಿಭಾಗದಲ್ಲಿರುತ್ತವೆ. 1993ರಲ್ಲಿ ವಿಂಡೋಸ್ ಎನ್‌ಟಿ 3.1 ಜೊತೆ ಬಂದ ಈ ಫೈಲ್ ಸಿಸ್ಟಮ್, ಎಕ್ಸ್‌ಪಿಯ ಕಾಲಕ್ಕೆ ಮನೆಮನೆಯ ಕಂಪ್ಯೂಟರನ್ನೂ ಹೊಕ್ಕಿತು. ಹೊಸ ವ್ಯವಸ್ಥೆ ಎದ್ದು ನಿಂತ ಕೂಡಲೇ ಇಂಥವರು ಮಾಡುವ ಕೆಲಸ ಹಳೆಯ ಡಿಸ್ಕನ್ನು ಜೋಡಿಸುವುದು. ಆಗ ‘ಈ ಫೈಲ್ ಸಿಸ್ಟಮ್ ಗೊತ್ತಿಲ್ಲ’ ಎಂಬ ಸಂದೇಶ ಕಂಡರೆ ಅವರಿಗೆ ಅರ್ಥವಾಗುವುದು ಒಂದೇ: ನನ್ನ ಫೋಟೋಗಳು ಹೋದವು.

ಒಂದು ಆದೇಶ ಟೈಪ್ ಮಾಡಿದರೆ ಪ್ಯಾಕೇಜ್ ಬರುತ್ತದಲ್ಲ ಎಂದು ಬಲ್ಲವರು ಹೇಳುತ್ತಾರೆ. ಬರುತ್ತದೆ, ಇಂಟರ್ನೆಟ್ ಇದ್ದರೆ. ಯಾವ ಪ್ಯಾಕೇಜ್ ಎಂದು ತಿಳಿದಿದ್ದರೆ. ಆ ಪ್ಯಾಕೇಜಿನ ಗಾತ್ರವಾದರೂ ಎಷ್ಟು? ಒಂದೆರಡು ಮೆಗಾಬೈಟ್. ಇಡೀ ಆಫೀಸ್ ತಂತ್ರಾಂಶವನ್ನೂ ಹತ್ತಾರು ವಾಲ್‌ಪೇಪರ್‌ಗಳನ್ನೂ ತುಂಬಿಸಿ ಕೊಡುವ ವಿತರಣೆಗೆ ಇದೊಂದೇ ಭಾರವಾಯಿತೆ?

‘ವಿಂಡೋಸ್‌ನ ಫೈಲ್ ಸಿಸ್ಟಮ್ ನಮ್ಮ ಮನೆಯೊಳಗೆ ಬೇಡ’ ಎಂಬ ತಾತ್ವಿಕ ವಿರೋಧವಂತೂ ಹುಸಿ. ಇಂದಿನ ಯುಇಎಫ್‌ಐ (ಬೂಟ್ ಮಾಡಿಸುವ ಹೊಸ ಬಗೆಯ ಫರ್ಮ್‌ವೇರ್) ಕಂಪ್ಯೂಟರ್ ಬೂಟ್ ಆಗಲು ಬೇಕಾದ ಪುಟ್ಟ ವಿಭಾಗವನ್ನು ಫ್ಯಾಟ್ ಮಾದರಿಯಲ್ಲೇ ಫಾರ್ಮ್ಯಾಟ್ ಮಾಡಬೇಕು. ಆದ್ದರಿಂದ ಅತಿ ಕಟ್ಟುನಿಟ್ಟಿನ ವಿತರಣೆಯೂ ಮೈಕ್ರೋಸಾಫ್ಟ್‌ನ ಹಳೆಯ ಫೈಲ್ ಸಿಸ್ಟಮ್ ಒಂದರ ಮೇಲೆ ನಿಂತೇ ಏಳುತ್ತದೆ. 32 ಜಿಬಿ ಮೀರಿದ ಮೆಮೊರಿ ಕಾರ್ಡುಗಳಿಗೆ ಎಸ್‌ಡಿ ಮಾನದಂಡ ಗೊತ್ತುಮಾಡಿರುವುದು ಮೈಕ್ರೋಸಾಫ್ಟ್‌ನದೇ ಆದ ಎಕ್ಸ್‌ಫ್ಯಾಟನ್ನು. ಅದನ್ನು ಬಿಟ್ಟರೆ ಕ್ಯಾಮೆರಾದ ಕಾರ್ಡೂ ತೆರೆಯುವುದಿಲ್ಲ. ಎರಡನ್ನು ಒಳಗೆ ಬಿಟ್ಟುಕೊಂಡು ಮೂರನೆಯದನ್ನು ಹೊಸ್ತಿಲಲ್ಲಿ ತಡೆಯಲು ತತ್ವದ ಹೆಸರು ಹೇಳಬೇಕಿಲ್ಲ.

ಹಿಂದೆ ತಡೆದದ್ದಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಪೇಟೆಂಟಿನ ಭಯ. ರೆಡ್ ಹ್ಯಾಟ್ ತನ್ನ ಕರ್ನಲ್‌ನಿಂದ (ವ್ಯವಸ್ಥೆಯ ತಿರುಳಿನಿಂದ) ಎನ್‌ಟಿಎಫ್‌ಎಸ್ ಡ್ರೈವರನ್ನೇ, ಅಂದರೆ ಅದನ್ನು ಓದಿಸುವ ತಂತ್ರಾಂಶವನ್ನೇ, ಹೊರಗಿಟ್ಟಿತ್ತು. ಭಯ ಬರೀ ಊಹೆಯೂ ಆಗಿರಲಿಲ್ಲ. 2009ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್, ದಾರಿ ತೋರಿಸುವ ಸಾಧನಗಳ ಕಂಪನಿ ಟಾಮ್‌ಟಾಮ್ ಮೇಲೆ ಮೊಕದ್ದಮೆ ಹೂಡಿತು. ಅದರಲ್ಲಿ ಫ್ಯಾಟ್‌ನ ಉದ್ದ ಹೆಸರುಗಳ ಪೇಟೆಂಟುಗಳೂ ಇದ್ದವು. ಮರುತಿಂಗಳೇ ರಾಜಿಯಾಯಿತು. ಆ ಸೌಲಭ್ಯವನ್ನು ಎರಡು ವರ್ಷದೊಳಗೆ ತೆಗೆದುಹಾಕುವುದಾಗಿ ಟಾಮ್‌ಟಾಮ್ ಒಪ್ಪಿಕೊಂಡಿತು. ಆದರೆ ಅದು ಆ ಕಾಲದ ಮಾತು. 2018ರಲ್ಲಿ ಮೈಕ್ರೋಸಾಫ್ಟ್ ತಾನೇ, ಲಿನಕ್ಸ್ ವಿರುದ್ಧ ಪೇಟೆಂಟ್ ಬಳಸುವುದಿಲ್ಲ ಎಂದು ಒಪ್ಪಿದ ಕಂಪನಿಗಳ ಕೂಟ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಸೇರಿತು. 2019ರ ಆಗಸ್ಟ್‌ನಲ್ಲಿ ಎಕ್ಸ್‌ಫ್ಯಾಟ್‌ನ ವಿವರಣೆಯನ್ನು ಬಹಿರಂಗಪಡಿಸಿ, ಕರ್ನಲ್‌ಗೆ ಸೇರಿಸಿಕೊಳ್ಳಿ ಎಂದಿತು. ಸ್ಯಾಮ್‌ಸಂಗ್‌ನವರು ಬರೆದ ಡ್ರೈವರ್ 2020ರಲ್ಲಿ 5.7ನೆಯ ಕರ್ನಲ್ ಜೊತೆ ಬಂತು. 1993ರ ಮೂಲ ಎನ್‌ಟಿಎಫ್‌ಎಸ್ ವಿನ್ಯಾಸದ ಮೇಲಿನ ಪೇಟೆಂಟಿಗಂತೂ ಇಪ್ಪತ್ತು ವರ್ಷದ ಅವಧಿ ಎಂದೋ ಮುಗಿದಿದೆ.

ಸೇರಿಸಿಕೊಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಹೊಸ ಪ್ರಯೋಗವೂ ಬೇಕಿಲ್ಲ. ಸಾಬೋಲ್ಚ್ ಸಾಕಾಸಿಟ್ಸ್ ಬರೆದ ಎನ್‌ಟಿಎಫ್‌ಎಸ್-3ಜಿ 2007ರ ಫೆಬ್ರುವರಿಯಲ್ಲಿ ಸ್ಥಿರ ಆವೃತ್ತಿಯಾಗಿ ಬಂತು. ಅದೇ ಅಕ್ಟೋಬರಿನ ಉಬುಂಟು 7.10ರಲ್ಲಿ ಅದು ಮೊದಲೇ ಸೇರಿತ್ತು. ಕರ್ನಲ್‌ನ ಹೊರಗೆ ಕೆಲಸ ಮಾಡುವ ಈ ಡ್ರೈವರ್ ನಿಧಾನ, ನಿಜ. ಆದರೂ ಅಂದಿನಿಂದ ಜನ ಅದರಲ್ಲೇ ಡಿಸ್ಕು ತೆರೆದು ಕೆಲಸ ಮಾಡಿಕೊಂಡಿದ್ದಾರೆ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಬೆಂಬಲ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಅದನ್ನು ಯಾವ ಆಯ್ಕೆಗಳೊಂದಿಗೆ ಕೊಡಲಾಗಿದೆ ಎಂಬುದೂ ಮುಖ್ಯ. ಫ್ಯಾಟ್ ಪೆನ್ ಡ್ರೈವನ್ನು ಕೈಯಾರೆ ಮೌಂಟ್ ಮಾಡುವಾಗ (ವ್ಯವಸ್ಥೆಗೆ ಜೋಡಿಸುವಾಗ) ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಎಂದು ಹೇಳದಿದ್ದರೆ, ಕರ್ನಲ್ ತನ್ನ ಹಳೆಯ ಲ್ಯಾಟಿನ್ ಅಕ್ಷರಪಟ್ಟಿಯನ್ನೇ ಹಿಡಿದು ‘ಗೃಹಪ್ರವೇಶದ ಫೋಟೋಗಳು’ ಎಂಬ ಫೋಲ್ಡರನ್ನು ಪ್ರಶ್ನೆಚಿಹ್ನೆಗಳ ಸಾಲಾಗಿ ತೋರಿಸಬಹುದು. ಎನ್‌ಟಿಎಫ್‌ಎಸ್-3ಜಿಯ ಮೊದಮೊದಲ ಆವೃತ್ತಿಗಳಲ್ಲಿ, ಭಾಷಾ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಇಂಥ ಹೆಸರಿನ ಕಡತಗಳು ಕಾಣುತ್ತಲೇ ಇರಲಿಲ್ಲ. ಸರಿಯಾದ ಆಯ್ಕೆಗಳನ್ನು ಪರೀಕ್ಷಿಸಿ ಕೂಡಿಸಿ ಕೊಡುವುದು ವಿತರಣೆಯ ಕೆಲಸ. ಅದನ್ನು ಬಳಕೆದಾರನ ತಲೆಗೆ ಕಟ್ಟಿದರೆ ಅವನು ಎಲ್ಲೋ ಸಿಕ್ಕಿದ ಹನ್ನೆರಡು ವರ್ಷ ಹಿಂದಿನ ಸಲಹೆಯನ್ನು ನಕಲು ಮಾಡಿ, ಫೈಲು ಕಾಣದಿದ್ದಾಗ ಲಿನಕ್ಸಿಗೆ ಕನ್ನಡ ಬಾರದು ಎಂದು ತೀರ್ಮಾನಿಸುತ್ತಾನೆ.

ಕೊನೆಯದಾಗಿ ರಿಪೇರಿಯ ವಿಷಯ. ವಿಂಡೋಸ್ ಬೂಟ್ ಆಗದೆ ಕುಳಿತಾಗ ಕಂಪ್ಯೂಟರ್ ಅಂಗಡಿಯವನು ಪೆನ್ ಡ್ರೈವಿನಿಂದ ಲಿನಕ್ಸ್ ಏಳಿಸಿ ಕಡತಗಳನ್ನು ಹೊರತೆಗೆಯುತ್ತಾನೆ. ಲಿನಕ್ಸಿನ ಹೆಸರನ್ನೇ ಕೇಳದವರಿಗೂ ಅದು ಉಪಕಾರ ಮಾಡುವ ಗಳಿಗೆ ಅದು. ಎನ್‌ಟಿಎಫ್‌ಎಸ್ ಓದಲಾರದ ಅಂಥ ಲೈವ್ ಪೆನ್ ಡ್ರೈವ್ ಅವನ ಮೇಜಿನ ಮೇಲೆ ಒಂದು ದಿನವೂ ಉಳಿಯುವುದಿಲ್ಲ.

ವಿರೋಧ: ಬರೆಯಲು ಬರುತ್ತದೆ, ಸರಿಪಡಿಸಲು ಬರುವುದಿಲ್ಲ

ಮೈಕ್ರೋಸಾಫ್ಟ್ ಮೇಲಿನ ಹಳೆಯ ಸಿಟ್ಟಿನಿಂದ ನಾನು ಇದನ್ನು ಬರೆಯುತ್ತಿಲ್ಲ. ಪೇಟೆಂಟಿನ ಮಾತು ಮುಗಿಯಿತು ಎಂಬುದನ್ನು ಒಪ್ಪಿದೆ. ಎಕ್ಸ್‌ಫ್ಯಾಟ್ ಮೊದಲೇ ಇರಲಿ, ತಕರಾರಿಲ್ಲ: ಬಹಿರಂಗ ವಿವರಣೆ ಇದೆ, ಕರ್ನಲ್‌ನಲ್ಲಿ ಪಾಲಿಸುವವರಿದ್ದಾರೆ, ಕೆಟ್ಟರೆ ರಿಪೇರಿ ಮಾಡುವ ಉಪಕರಣವೂ ಇದೆ. ಎನ್‌ಟಿಎಫ್‌ಎಸ್‌ಗೆ ಈ ಮೂರರಲ್ಲಿ ಯಾವುದು ಇದೆ ಎಂದು ಮೇಲಿನ ವಾದ ಕೇಳಿಕೊಳ್ಳಲೇ ಇಲ್ಲ.

ಮೊದಲು ರಿಪೇರಿಯನ್ನೇ ನೋಡೋಣ. ಕರೆಂಟು ಹೋಯಿತು, ಅಥವಾ ಡಿಸ್ಕಿನ ಕೇಬಲನ್ನು ಯಾರೋ ಹಾಗೆಯೇ ಎಳೆದರು. ಎನ್‌ಟಿಎಫ್‌ಎಸ್ ವಿಭಾಗದ ಮೇಲೆ ‘ಶುದ್ಧವಾಗಿಲ್ಲ’ ಎಂಬ ಗುರುತು ಉಳಿಯುತ್ತದೆ. ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ಓಡಿಸಿದರೆ ಅದು ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡಿ ಸರಿಪಡಿಸುತ್ತದೆ. ಲಿನಕ್ಸಿನಲ್ಲಿ ಇಷ್ಟು ವರ್ಷ ಕೈಗೆ ಸಿಗುತ್ತಿದ್ದದ್ದು ಎನ್‌ಟಿಎಫ್‌ಎಸ್‌ಫಿಕ್ಸ್. ಹೆಸರು ನೋಡಿ ಮೋಸಹೋಗಬೇಡಿ. ಕೆಲವು ಮೂಲಭೂತ ದೋಷಗಳನ್ನು ತಿದ್ದಿ, ಜರ್ನಲನ್ನು (ಬದಲಾವಣೆಗಳ ದಾಖಲೆಯನ್ನು) ಖಾಲಿ ಮಾಡಿ, ಮುಂದಿನದನ್ನು ವಿಂಡೋಸ್‌ಗೆ ಬಿಡುತ್ತದೆ ಅಷ್ಟೆ. ಗುರುತನ್ನು ಅಳಿಸುವ ಆಯ್ಕೆಯೂ ಅದರಲ್ಲಿದೆ. ಗುರುತು ಅಳಿಸಿದ ಮಾತ್ರಕ್ಕೆ ಒಳಗಿನ ಗೊಂದಲ ಸರಿಹೋಗುವುದಿಲ್ಲ. ಅಂದರೆ ವಿಂಡೋಸನ್ನು ಪೂರ್ತಿ ತೆಗೆದುಹಾಕಿ ಬಂದ ಹೊಸಬನಿಗೆ, ಅವನ ಡಿಸ್ಕಿನ ಮೇಲೆ ಬರೆಯುವ ಅಧಿಕಾರವನ್ನು ಕೇಳದೆಯೇ ಕೊಡುತ್ತೇವೆ. ಕೆಟ್ಟ ದಿನ ಮಾತ್ರ ‘ಯಾರದಾದರೂ ವಿಂಡೋಸ್ ಕಂಪ್ಯೂಟರ್ ಹುಡುಕಿಕೊಳ್ಳಿ’ ಎನ್ನುತ್ತೇವೆ. ಇದನ್ನು ಪೂರ್ಣ ಬೆಂಬಲ ಎಂದು ಕರೆಯಲು ನನಗೆ ಸಂಕೋಚ.

ವಿಂಡೋಸ್ ಪಕ್ಕದಲ್ಲೇ ಇದ್ದರೂ ಸುಖವಿಲ್ಲ. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದು ಬಂದಿದೆ. ಶಟ್‌ಡೌನ್ ಒತ್ತಿದರೆ ಕಂಪ್ಯೂಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಅದೇ ವಿಭಾಗಕ್ಕೆ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪನ್ನೇ ನಂಬಿ ಡಿಸ್ಕನ್ನು ಕೆಡಿಸುತ್ತದೆ. ಎನ್‌ಟಿಎಫ್‌ಎಸ್-3ಜಿ ಬುದ್ಧಿವಂತಿಕೆಯಿಂದ ಓದಲು ಮಾತ್ರ ತೆರೆಯುತ್ತದೆ. ಬಳಕೆದಾರನಿಗೆ ಕಾಣುವುದು ‘ನಕಲು ಮಾಡಲಾಗದು’ ಎಂಬ ಅಡ್ಡಿ. ಅವನು ಹುಡುಕುತ್ತಾನೆ, ವಿಂಡೋಸ್‌ನ ಆ ನಿದ್ರೆಯ ಕಡತವನ್ನೇ ಅಳಿಸಿಹಾಕುವ ಆಯ್ಕೆ ಸಿಗುತ್ತದೆ, ಬಳಸುತ್ತಾನೆ. ಉಳಿಸದೆ ಬಿಟ್ಟಿದ್ದ ಕೆಲಸವೇನಾದರೂ ಆ ಕಡತದಲ್ಲಿದ್ದರೆ ಅದಕ್ಕೆ ಎಳ್ಳುನೀರು. ವಿಂಡೋಸ್ ಕಡೆಗೆ ಹೋಗಿ ಫಾಸ್ಟ್ ಸ್ಟಾರ್ಟಪನ್ನು ಆರಿಸಿ ಬರಬೇಕು ಎಂಬ ಸರಿಯಾದ ಉತ್ತರ ಬೇಸರದ್ದು, ಅದನ್ನು ಯಾರೂ ಮೊದಲು ಓದುವುದಿಲ್ಲ.

ಇನ್ನು ಯಾವ ಡ್ರೈವರ್ ಎಂಬ ಪ್ರಶ್ನೆ. ಎನ್‌ಟಿಎಫ್‌ಎಸ್ ಬೆಂಬಲ ಎಂದರೆ ಒಂದು ವಸ್ತುವಲ್ಲ. ಬಹುಪಾಲು ಓದಲು ಮಾತ್ರ ಬರುತ್ತಿದ್ದ ಹಳೆಯ ಕರ್ನಲ್ ಡ್ರೈವರ್ ಇತ್ತು, 2024ರಲ್ಲಿ 6.9ನೆಯ ಆವೃತ್ತಿಯಿಂದ ಅದನ್ನು ತೆಗೆದರು. ಎನ್‌ಟಿಎಫ್‌ಎಸ್-3ಜಿ ಇದೆ. ಪ್ಯಾರಗಾನ್ ಕಂಪನಿ 2020ರಲ್ಲಿ ಸುಮಾರು 27,000 ಸಾಲುಗಳ ಎನ್‌ಟಿಎಫ್‌ಎಸ್3 ಡ್ರೈವರನ್ನು ಕರ್ನಲ್ ಬಳಗದ ಮುಂದಿಟ್ಟಿತು. ಅಷ್ಟನ್ನೂ ಒಂದೇ ಸಲಕ್ಕೆ ಕಳಿಸಿದರೆ ಪರಿಶೀಲಿಸುವುದು ಹೇಗೆ ಎಂದು ಬೈಸಿಕೊಂಡು, ಹಲವು ತಿದ್ದುಪಡಿಗಳ ಬಳಿಕ 2021ರ ಅಕ್ಟೋಬರಿನ ಕೊನೆಗೆ 5.15ರೊಳಗೆ ಬಂತು. ಎಲ್ಲರೂ ಸಂಭ್ರಮಿಸಿದರು. 2022ರ ವಸಂತದ ಹೊತ್ತಿಗೆ ಕರ್ನಲ್ ಬಳಗದಲ್ಲಿ ಕೇಳಿಬಂದ ಮಾತು: ಇದನ್ನು ನೋಡಿಕೊಳ್ಳುವವರು ಎಲ್ಲಿ? ಆಮೇಲೆ ಕೆಲಸ ಮತ್ತೆ ಸಾಗಿತು, ಅಳುಕು ಪೂರ್ತಿ ಹೋಗಲಿಲ್ಲ. ವೇಗವೇ ಮುಖ್ಯ ಎನ್ನುವವರು ಎನ್‌ಟಿಎಫ್‌ಎಸ್3 ಹಿಡಿಯುತ್ತಾರೆ, ಪಳಗಿದ್ದೇ ವಾಸಿ ಎನ್ನುವವರು 3ಜಿ. ಮೊದಲೇ ಸೇರಿಸಿ ಕೊಡಿ ಎನ್ನುವುದು ಸುಲಭ. ಎರಡರಲ್ಲಿ ಒಂದನ್ನು ಆರಿಸಿ, ಯಾರದೋ ಮದುವೆಯ ವಿಡಿಯೊಗೆ ಹೊಣೆಯಾಗುವವನು ವಿತರಣೆಯ ಪ್ಯಾಕೇಜ್ ನೋಡಿಕೊಳ್ಳುವ ಸ್ವಯಂಸೇವಕ.

ಭದ್ರತೆಯ ಮಾತನ್ನು ಮೇಲಿನ ವಾದ ಎತ್ತಲೇ ಇಲ್ಲ. 2021ರ ಆಗಸ್ಟ್‌ನಲ್ಲಿ ಎನ್‌ಟಿಎಫ್‌ಎಸ್-3ಜಿಯಲ್ಲಿ ಒಮ್ಮೆಗೇ 21 ದೋಷಗಳನ್ನು ತಿದ್ದಿದ ಆವೃತ್ತಿ ಬಂತು. ಕುತಂತ್ರದಿಂದ ಸಿದ್ಧಪಡಿಸಿದ ಡಿಸ್ಕನ್ನು ಜೋಡಿಸಿದರೆ ಅದರೊಳಗಿನ ಅಂಕಿಅಂಶಗಳೇ ಡ್ರೈವರನ್ನು ದಾರಿ ತಪ್ಪಿಸುವಂಥವು ಅವು. 2017ರಲ್ಲಿ ಇನ್ನೊಂದು ಬಗೆಯದು: ಡೆಬಿಯನ್‌ನಲ್ಲಿ ಈ ಪ್ಯಾಕೇಜಿಗೆ ರೂಟ್ ಅಧಿಕಾರ (ಯಂತ್ರದ ಮೇಲಿನ ಪೂರ್ಣ ಅಧಿಕಾರ) ಕೊಟ್ಟು ಸ್ಥಾಪಿಸುತ್ತಿದ್ದುದರಿಂದ, ಸಾಮಾನ್ಯ ಬಳಕೆದಾರ ಅದರ ಮೂಲಕ ರೂಟ್ ಆಗಬಹುದಿತ್ತು. ಯಾವ ಡಿಸ್ಕನ್ನೂ ಜೋಡಿಸದಿದ್ದರೂ ಸರಿಯೇ, ಪ್ಯಾಕೇಜ್ ಯಂತ್ರದಲ್ಲಿದ್ದರೆ ಸಾಕಿತ್ತು. ಹಾಗಾಗಿ ‘ಒಂದೆರಡು ಮೆಗಾಬೈಟ್ ತಾನೆ’ ಎಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಇದು ಲಿನಕ್ಸ್‌ನವರ ಅಸಡ್ಡೆಯೂ ಅಲ್ಲ. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನದೇ ಎನ್‌ಟಿಎಫ್‌ಎಸ್ ಡ್ರೈವರಿನ ರಂಧ್ರಗಳನ್ನು ಮುಚ್ಚಿತು. ಅಷ್ಟರಲ್ಲಿ ದಾಳಿಕೋರರು ಅವನ್ನು ಬಳಸಿ ಆಗಿತ್ತು. ಹುಟ್ಟಿಸಿದವರಿಗೇ ಇಷ್ಟು ಕಷ್ಟ ಕೊಡುವ ಫೈಲ್ ಸಿಸ್ಟಮನ್ನು, ಯಾರೂ ವಿಂಡೋಸ್ ಡಿಸ್ಕ್ ತರದ ಸರ್ವರ್‌ನಲ್ಲೂ ಶಾಲೆಯ ಲ್ಯಾಬಿನಲ್ಲೂ ಏಕೆ ಇಡಬೇಕು? ಹೆಚ್ಚು ಬಳಕೆಯಲ್ಲಿಲ್ಲದ ಫೈಲ್ ಸಿಸ್ಟಮ್‌ಗಳು ತಾವಾಗಿ ಲೋಡ್ ಆಗದಂತೆ ಸೂಸೆ ಎಂಟರ್‌ಪ್ರೈಸ್ ವಿತರಣೆ ತನ್ನ 15ನೆಯ ಆವೃತ್ತಿಯಿಂದ ತಡೆಪಟ್ಟಿ ಇಟ್ಟಿದೆ. ಬೇಕಾದವನು ತಡೆ ತೆಗೆಯಬಹುದು. ಇದು ನನಗೆ ಹಿಡಿಸಿದ ಕ್ರಮ.

ಕನ್ನಡದ ಹೆಸರುಗಳ ಮಾತು ಬಂದದ್ದು ಒಳ್ಳೆಯದಾಯಿತು, ಕಥೆಯ ಉಳಿದರ್ಧವನ್ನೂ ಹೇಳಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಕಡತದ ಹೆಸರಿಗೆ 255 ಯುಟಿಎಫ್-16 ಘಟಕಗಳ ಮಿತಿ. ಲಿನಕ್ಸಿನ ಸ್ವಂತ ಫೈಲ್ ಸಿಸ್ಟಮ್ ಇಎಕ್ಸ್‌ಟಿ4ರಲ್ಲಿ 255 ಬೈಟ್‌ಗಳ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತು, ಗುಣಿತಗಳೂ ಲೆಕ್ಕಕ್ಕೆ ಬರುತ್ತವೆ. ‘ಅಧ್ಯಕ್ಷ’ ಕಣ್ಣಿಗೆ ಮೂರೇ ಅಕ್ಷರ, ಇಎಕ್ಸ್‌ಟಿ4ಗೆ 21 ಬೈಟ್. ಹೀಗಾಗಿ ಬರೀ ಕನ್ನಡದ ಹೆಸರು 85 ಚಿಹ್ನೆ ದಾಟಿದರೆ ಮುಗಿಯಿತು. ನಮ್ಮ ಸಂಘಗಳ ಆಹ್ವಾನಪತ್ರಿಕೆಗಳಿಗೆ ಇಡುವ ಹೆಸರುಗಳು ಈ ಗೆರೆಯನ್ನು ಆರಾಮವಾಗಿ ದಾಟುತ್ತವೆ. ಅಂಥ ಫೋಲ್ಡರನ್ನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಎಳೆದಾಗ ಅರ್ಧದಲ್ಲಿ ‘ಹೆಸರು ತೀರಾ ಉದ್ದ’ ಎಂದು ನಿಲ್ಲುತ್ತದೆ. ತಪ್ಪು ಇಎಕ್ಸ್‌ಟಿ4ರದೇ, ಎನ್‌ಟಿಎಫ್‌ಎಸ್‌ನದಲ್ಲ. ಆದರೆ ಡ್ರೈವರ್ ಕೊಟ್ಟ ಕೂಡಲೇ ಹೊಸಬನ ದಾರಿ ಸಲೀಸು ಎಂಬ ಭ್ರಮೆಯಂತೂ ಬೇಡ.

ತಿರುಗುದಾರಿಯೂ ಹೀಗೆಯೇ. ಲಿನಕ್ಸಿನಿಂದ ಎನ್‌ಟಿಎಫ್‌ಎಸ್‌ಗೆ ಬರೆಯುವಾಗ ವಿವರಣಚಿಹ್ನೆ (:) ಇರುವ ಹೆಸರು ಕೊಟ್ಟರೆ, ವಿಶೇಷ ಆಯ್ಕೆ ಹಾಕದ ಎನ್‌ಟಿಎಫ್‌ಎಸ್-3ಜಿ ಸುಮ್ಮನೆ ಬರೆದುಬಿಡುತ್ತದೆ. ವಿಂಡೋಸ್‌ಗೆ ಹೋದಾಗ ಆ ಕಡತ ತೆರೆಯುವುದಿಲ್ಲ. ಮನೆಯ ಫೋಲ್ಡರನ್ನೆಲ್ಲ ಬ್ಯಾಕಪ್ ಎಂದು ಅಂಥ ಡಿಸ್ಕಿಗೆ ಸುರಿದರೆ, ಯಾರು ಯಾವ ಕಡತದ ಒಡೆಯ, ಯಾರಿಗೆ ಓದುವ ಅನುಮತಿ ಎಂಬ ವಿವರ ಸಾಮಾನ್ಯ ಮೌಂಟ್‌ನಲ್ಲಿ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹೊಸಬನ ಡಿಸ್ಕು ತೆರೆದೀತೆ? 2024ರ ವಿಂಡೋಸ್ 11 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಬಹಳಷ್ಟು ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿಕೊಳ್ಳುತ್ತದೆ. ಅಲ್ಲಿ ಮೊದಲು ಬೇಕಾಗುವುದು ಎನ್‌ಟಿಎಫ್‌ಎಸ್ ಡ್ರೈವರ್ ಅಲ್ಲ, 48 ಅಂಕಿಗಳ ಕೀಲಿ. ಅದನ್ನು ಕೊಟ್ಟರೆ ತೆರೆಯುವ ಸೌಲಭ್ಯ ಲಿನಕ್ಸಿನ ಕ್ರಿಪ್ಟ್‌ಸೆಟಪ್ ಎಂಬ ಉಪಕರಣದಲ್ಲಿ 2020ರಿಂದಲೇ ಇದೆ. ಹೊಸಬರ ಮೇಲೆ ಅಷ್ಟೊಂದು ಕಾಳಜಿ ಇದ್ದವರು ಕೀಲಿಯನ್ನು ಬರೆದಿಟ್ಟುಕೊಳ್ಳಿ ಎಂದು ಸ್ಥಾಪನೆಯ ಮೊದಲ ಪರದೆಯಲ್ಲೇ ಎಚ್ಚರಿಸಲಿ.

ರಿಪೇರಿ ಅಂಗಡಿಯವನ ಲೈವ್ ಪೆನ್ ಡ್ರೈವಿನಲ್ಲಿ ಎನ್‌ಟಿಎಫ್‌ಎಸ್ ಇರಲಿ. ಡೆಸ್ಕ್‌ಟಾಪ್ ಆವೃತ್ತಿಯಲ್ಲೂ ಇರಲಿ, ಓದುವುದಕ್ಕೆ ಮಾತ್ರ. ಬರೆಯಬೇಕೆಂದಾಗ ಕೇಳಿ, ಅಪಾಯ ಹೇಳಿ, ಕೊಡಲಿ. ಸರ್ವರ್‌ನಲ್ಲಿ ಬೇಡವೇ ಬೇಡ. 2025ರ ಅಕ್ಟೋಬರಿನಲ್ಲಿ ಎಕ್ಸ್‌ಫ್ಯಾಟ್ ಡ್ರೈವರನ್ನು ನೋಡಿಕೊಳ್ಳುವ ನಾಮ್‌ಜೆ ಜಿಯಾನ್, ಹಳೆಯ ಎನ್‌ಟಿಎಫ್‌ಎಸ್ ಡ್ರೈವರನ್ನೇ ಬೆಳೆಸಿ ಹೊಸದೊಂದನ್ನು ಕರ್ನಲ್ ಬಳಗದ ಮುಂದಿಟ್ಟರು. ಅದರ ಜೊತೆಗೆ ಡಿಸ್ಕನ್ನು ನಿಜವಾಗಿ ಪರೀಕ್ಷಿಸಿ ಸರಿಪಡಿಸುವ ಉಪಕರಣವೂ ಸಿದ್ಧವಾಗುತ್ತಿದೆ. ಆ ಉಪಕರಣ ನಾಲ್ಕಾರು ವರ್ಷ ಜನರ ಕೆಟ್ಟ ಡಿಸ್ಕುಗಳ ಮೇಲೆ ಓಡಿ ಹೆಸರು ಉಳಿಸಿಕೊಂಡರೆ, ಬರೆಯುವ ಅನುಮತಿಯನ್ನೂ ಮೊದಲೇ ಕೊಡಿ ಎನ್ನಲು ನನಗೇನೂ ಅಡ್ಡಿಯಿಲ್ಲ.